ಒಂದು ದಿನ ಮೊದಲು

ಬಿಸಿನೀರಿಗೆ ಅದ್ದಿದ ಬಟ್ಟೆಯನ್ನು ಹಿಂಡಿ ಹಿಂಡಿ ಮಗಳು ಅಮ್ಮನ ಕೆನ್ನೆ ಒರೆಸುತ್ತಿದ್ದಳು. ಮೂಗಿನ ಎರಡೂ ಬದಿಯಿಂದ ಹೊರಟು, ಕೆನ್ನೆಯ ಮೇಲೆ ಹಾದು, ಕಿವಿಯ ಹಿಂದೆ ಮರೆಯಾಗುವ ಗೆರೆ. ಆಕ್ಸಿಜನ್ ಹಾಕಿಕೊಂಡವರಿಗೆಲ್ಲ ಬೀಳುವ ಗೆರೆ. ಎಷ್ಟು ಒರೆಸಿದರೂ ಅದು ಹೋಗುತ್ತಿರಲಿಲ್ಲ.

"ಸಾಕು ಬಿಡೇ," ಎಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ. ಅಮ್ಮನ ಒಬ್ಬಳೇ ತಂಗಿ. ನಿನ್ನೆಯಿಂದ ಅತ್ತೂ ಅತ್ತೂ ಗಂಟಲು ಕಟ್ಟಿತ್ತು. "ಚರ್ಮ ಕಿತ್ತು ಬಂದೀತು."

"ಇದೊಂದು ಹೋಗ್ಲಿ ಚಿಕ್ಕಮ್ಮ. ಮುಖಾನ ದಾರದಲ್ಲಿ ಕಟ್ಟಿ ಹಾಕಿದ ಹಾಗೆ ಕಾಣುತ್ತೆ."

"ಯಾರು ನೋಡ್ತಾರೆ ಅದನ್ನ?"

ಅಮ್ಮ ನೋಡ್ತಾಳೆ ಅನ್ನುವ ಮಾತು ಬಾಯಿ ತುದಿಗೆ ಬಂತು. ಮಗಳು ನುಂಗಿಕೊಂಡಳು. ಬೇರೆಯವರ ಕಣ್ಣಿಗೆ ಬೀಳದ್ದನ್ನೇ ಹೆಕ್ಕಿ ಹೆಕ್ಕಿ ತೋರಿಸಿ ಜೀವಮಾನ ಕಳೆದವಳು ಈಗ ಕಣ್ಣು ಮುಚ್ಚಿ ಮಲಗಿದ್ದಾಳೆ ಎಂದ ಮಾತ್ರಕ್ಕೆ ನಂಬುವುದು ಹೇಗೆ?

ನಂಬದಿರಲು ಇನ್ನೊಂದು ಕಾರಣವೂ ಇತ್ತು. ನಡುವಿನ ಓಣಿಯಂಥ ಜಾಗದಲ್ಲಿ ನಿಂತಿದ್ದ ಆಕ್ಸಿಜನ್ ಮೆಷಿನ್ ಇನ್ನೂ ಓಡುತ್ತಿತ್ತು. ಹಳೇ ಫ್ರಿಜ್ಜಿನ ಹಾಗೆ ಗುಂಯ್ ಎನ್ನುತ್ತ, ನಡುನಡುವೆ ಉಸಿರು ಬಿಟ್ಟ ಹಾಗೆ ಪುಸ್ಸೆನ್ನುತ್ತ. ಅದು ಪುಸ್ಸೆಂದಾಗಲೆಲ್ಲ ಹಾಲಿನಲ್ಲಿ ಕೂತವರ ಕಣ್ಣು ತಮಗೇ ತಿಳಿಯದೆ ಅಮ್ಮನ ಎದೆಯ ಕಡೆ ಹೊರಳುತ್ತಿತ್ತು. ಒಂದು ಸಲ, ಎರಡು ಸಲ ಆದ ಮೇಲೆ ಪಕ್ಕದ ಮನೆಯ ಟೈಲರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಸ್ವಿಚ್ಚಿಗೆ ಕೈ ಚಾಚಿದರು.

"ಮುಟ್ಟಬೇಡಿ," ಎಂದ ಅಪ್ಪ, ಕುರ್ಚಿಯಿಂದ ಏಳದೆಯೇ. "ಅದರ ಪಾಡಿಗೆ ಅದಿರ್ಲಿ."

ಟೈಲರು ಶಾಕ್ ಹೊಡೆದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. ಅಪ್ಪ ಜಾಸ್ತಿ ಮಾತಿನವನಲ್ಲ. ಮದುವೆಯಾದಾಗಿನಿಂದ ಮನೆಯ ಮಾತಿನ ಖಾತೆಯನ್ನು ಅಮ್ಮನಿಗೇ ಬಿಟ್ಟುಕೊಟ್ಟು ನೆಮ್ಮದಿಯಾಗಿದ್ದವನು. ಅಂಥವನು ಹೇಳಿದ ಮೇಲೆ ಮೆಷಿನ್ ಓಡುತ್ತಲೇ ಇತ್ತು.

ಬಿಸಿಲೇರುವ ಹೊತ್ತಿಗೆ ಅಮ್ಮ ಕೆಲಸ ಮಾಡುತ್ತಿದ್ದ ಆಫೀಸಿನವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರೊಳಗೆ ಗುಸುಗುಸು ನಡೆದಿತ್ತು. ಮುಂದೆ ಮ್ಯಾನೇಜರು, ಕೈಯಲ್ಲಿ ಬಿಳಿ ಹೂವಿನ ಗೊಂಚಲು. ಅಮ್ಮನ ಕಾಲ ಬಳಿ ಅದನ್ನಿಟ್ಟು, ಕೈಮುಗಿದು, ಅಪ್ಪನ ಪಕ್ಕ ಬಂದು ಕೂತರು.

"ದೊಡ್ಡ ಜೀವ ಸಾರ್. ನಮ್ಮ ಆಫೀಸು ಇವತ್ತು ನಿಂತಿರೋದು ಅವರು ಹಾಕಿಕೊಟ್ಟ ದಾರಿ ಮೇಲೆ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೊನ್ನೆ ಮಧ್ಯಾಹ್ನವೇ ಗೊತ್ತಾಯ್ತು. ನಿನ್ನೆನೇ ಬರಬೇಕಾಗಿತ್ತು. ಊರಲ್ಲಿರಲಿಲ್ಲ, ತಪ್ಪು ತಿಳ್ಕೋಬೇಡಿ."

"ನಿನ್ನೆ," ಎಂದ ಅಪ್ಪ.

"ಹೌದು ಸಾರ್, ನಿನ್ನೆ ಬರೋದಕ್ಕಾಗಲಿಲ್ಲ."

"ಅವಳು ಹೋಗಿದ್ದು ನಿನ್ನೆ. ನಿನ್ನೆ ಸಾಯಂಕಾಲ."

ಮ್ಯಾನೇಜರು ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ನಿಂತ ಆಫೀಸಿನ ಹೆಂಗಸರಲ್ಲಿ ಒಬ್ಬಳು "ಮೊನ್ನೆ ಅಲ್ವೇನೇ?" ಎಂದು ಪಿಸುಗುಟ್ಟಿದಳು. "ಫೈಲಲ್ಲಿ ಮೊನ್ನೆ ಅಂತಾನೇ ಇತ್ತಪ್ಪ," ಎಂದಳು ಇನ್ನೊಬ್ಬಳು. "ನಾವು ಸಂಜೆ ಎದ್ದು ನಿಂತು ಮೌನ ಕೂಡ ಮಾಡಿದ್ವಲ್ಲ."

ಮಗಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊನ್ನೆ ಮಧ್ಯಾಹ್ನ ತಾನು ಮಾಡಿ ಬಂದದ್ದು ಅವಳಿಗೆ ಈಗ, ಈ ಘಳಿಗೆಯಲ್ಲಿ, ಮೊದಲ ಬಾರಿಗೆ ನೆನಪಾಯಿತು.

*

ಅಮ್ಮನನ್ನು ಆಫೀಸಿನಲ್ಲಿ ಎಲ್ಲರೂ ಕೋಡಮ್ಮ ಎನ್ನುತ್ತಿದ್ದರು. ಮನೆಯಲ್ಲೇ ಇಟ್ಟುಕೊಂಡು ಬಳಸುವ ಆಸ್ಪತ್ರೆ ಸಾಮಾನನ್ನು ಬಾಡಿಗೆಗೆ ಕೊಡುವ ಕಂಪನಿ ಅದು. ಊರುಗೋಲು, ವಾಕರ್, ಗಾಲಿಕುರ್ಚಿ, ತಲೆಕಡೆ ಏರಿಸುವ ಮಂಚ, ಕಫ ಎಳೆಯುವ ಮೆಷಿನ್, ಆಕ್ಸಿಜನ್ ಮೆಷಿನ್. ಬಾಡಿಗೆ ಕೊಡುವುದು ಇನ್ಶೂರೆನ್ಸಿನವರು. ಅವರು ಕೊಡಬೇಕಾದರೆ ಪ್ರತಿ ಸಾಮಾನಿಗೂ ಒಂದು ಕೋಡು ಬೇಕು, ಅದು ಯಾಕೆ ಬೇಕಾಯಿತು ಅನ್ನುವುದಕ್ಕೆ ಇನ್ನೊಂದು. ಎರಡೂ ಒಂದಕ್ಕೊಂದು ಹೊಂದದಿದ್ದರೆ ಬಿಲ್ಲು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು. ಅಮ್ಮನ ಕೈಯಿಂದ ಹೋದ ಬಿಲ್ಲು ವಾಪಸು ಬಂದದ್ದನ್ನು ಕಂಡವರಿರಲಿಲ್ಲ. "ಬೇರೆಯವರಿಗೆ ತಲೆ ಮೇಲೆ ಕೋಡು, ನಮ್ಮ ಮೇಡಮ್ಮಿಗೆ ತಲೆ ಒಳಗೆ," ಎಂದು ಹುಡುಗಿಯರು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಕಣ್ಣು ಮಾತ್ರ ಪರದೆ ಬಿಟ್ಟು ಕದಲುತ್ತಿರಲಿಲ್ಲ.

ಮಗಳು ಓದು ಮುಗಿಸಿ ಅದೇ ಆಫೀಸಿಗೆ ಸೇರಿದಾಗ ಅಮ್ಮ ಮೊದಲ ವಾರ ಅವಳಿಗೆ ಕಂಪ್ಯೂಟರು ಮುಟ್ಟಲು ಬಿಡಲಿಲ್ಲ. ಡಾಕ್ಟರುಗಳು ಬರೆದ ಚೀಟಿ ಓದಲು ಕೂರಿಸಿದಳು.

"ಏನು ಬರೆದಿದಾರೆ?"

"ಉಬ್ಬಸ. ಮಂಚ ಬೇಕು."

"ಉಬ್ಬಸ ಅಂತ ಬರೆದು ಕೈ ತೊಳ್ಕೊಂಡಿದಾರೆ. ಉಬ್ಬಸಕ್ಕೆ ಯಾರು ಮಂಚ ಕೊಡ್ತಾರೆ ಮರಿ? ಆ ಮನುಷ್ಯ ರಾತ್ರಿ ಹೇಗೆ ಮಲಗ್ತಾನೆ ಅಂತ ಯೋಚನೆ ಮಾಡು. ಎರಡು ದಿಂಬು ಇಟ್ಕೊಂಡ್ರೂ ಜಾರ್ತಾನೆ. ಜಾರಿದ್ರೆ ಉಸಿರು ಕಟ್ಟುತ್ತೆ. ಹೆಂಡತಿ ಪಕ್ಕದಲ್ಲಿ ಎದ್ದು ಕೂತಿರ್ತಾಳೆ. ತಲೆ ಎತ್ತರದಲ್ಲಿಟ್ಟು ಮಲಗದೇ ಇದ್ರೆ ಆಗಲ್ಲ ಅಂತ ಡಾಕ್ಟರ ಕೈಲಿ ಬರೆಸ್ಕೊಂಡು ಬಾ. ಹೋಗು."

ಊರಿನ ಎಷ್ಟೋ ಮನೆಗಳನ್ನು ಅಮ್ಮ ಒಮ್ಮೆಯೂ ಹೋಗದೆಯೇ ಒಳಹೊಕ್ಕು ನೋಡಿದ್ದಳು. ಯಾವ ಸಾಮಾನು ಯಾವುದರ ಹಿಂದೆ ಹೋಯಿತು ಎಂಬುದರಲ್ಲೇ ಅವಳಿಗೆ ಆ ಮನೆ ಕಾಣುತ್ತಿತ್ತು. ಮೊದಲು ಊರುಗೋಲು, ಆಮೇಲೆ ವಾಕರು, ಪಕ್ಕದಲ್ಲಿಡುವ ಕಮೋಡು, ಮಂಚ, ಹುಣ್ಣಾಗದ ಹಾಸಿಗೆ. "ಈ ಮನೆ ಇಳೀತಾ ಇದೆ," ಎನ್ನುತ್ತಿದ್ದಳು ಮೆಲ್ಲಗೆ. ವರ್ಷಗಳ ಮೇಲೆ, ನಿವೃತ್ತಳಾದ ಮೇಲೆ, ತನ್ನದೇ ಶ್ವಾಸಕೋಶ ಕೈಕೊಟ್ಟು ವ್ಯಾನಿನಿಂದ ಮೆಷಿನ್ ಇಳಿದಾಗ ಬಾಗಿಲಲ್ಲಿ ನಿಂತು ನಕ್ಕಿದ್ದಳು: "ನಮ್ಮನೆನೂ ಇಳೀತಾ ಇದೆ ಮರಿ."

ಆದರೆ ಅವಳು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೋಡಿನ ವಿಷಯವಲ್ಲ. ಯಾರಾದರೂ ಸತ್ತರೆ ಅವರ ಫೈಲು ಮುಚ್ಚಬೇಕು. ಕೊನೆಯ ದಿನಾಂಕ ಹಾಕಿ, ಮರಣ ಎಂಬ ಕಾರಣ ಹಾಕಿ, ಒಂದು ಗುಂಡಿ ಒತ್ತಿದರೆ ಆಯಿತು. ಮರುದಿನ ಬೆಳಿಗ್ಗೆ ಸಾಮಾನು ತರಲು ವ್ಯಾನು ತಾನಾಗಿಯೇ ಹೊರಡುತ್ತದೆ.

"ಮುಚ್ಚೋಕೆ ಮುಂಚೆ ಆ ಮನೆಗೆ ನೀನೇ ಫೋನ್ ಮಾಡು," ಎಂದಿದ್ದಳು ಅಮ್ಮ. "ಆಸ್ಪತ್ರೆಯವರು ಹೇಳಿದ್ರು, ಅಳಿಯ ಹೇಳಿದ, ದೇವ್ರೇ ಬಂದು ಹೇಳಿದ, ಬೇಡ. ನೀನು ಫೋನ್ ಮಾಡು. ಸತ್ತೋದ್ರಾ ಅಂತ ಕೇಳ್ಬೇಡ. ಮೆಷಿನ್ ನಿಂತಿದೆಯಾ ಅಂತ ಕೇಳು. ನಿಂತಿದೆ ಅಂದ್ರೆ ಮುಚ್ಚು."

"ಯಾಕೆ ಹಾಗೆ?"

"ಸತ್ತೋದ್ರು ಅಂತ ಬಾಯ್ಬಿಟ್ಟು ಹೇಳೋದು ಕಷ್ಟ ಮರಿ. ಮೆಷಿನ್ ನಿಂತಿದೆ ಅನ್ನೋದು ಸುಲಭ."

ಅವಳಿಗಿಂತ ಹಿಂದಿನ ಗುಮಾಸ್ತನೊಬ್ಬ ಹೆಸರು ಹೆಸರು ಹೋಲಿ ಬದುಕಿದ್ದವನ ಫೈಲು ಮುಚ್ಚಿದ್ದನಂತೆ. ಮನೆಗೆ ವ್ಯಾನು ಹೋಗಿ ನಿಂತಿತ್ತಂತೆ. ಆ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಆವತ್ತೇ ಅವನನ್ನು ಮನೆಗೆ ಕಳಿಸಿದರು. ಅಂದಿನಿಂದ ಅಮ್ಮ ಪ್ರತಿ ಸಾವಿಗೂ ಫೋನು ಮಾಡಿದಳು. ಕೆಲವರು ನಿಂತಿದೆ ಎಂದು ಇಟ್ಟುಬಿಡುತ್ತಿದ್ದರು. ಕೆಲವರು ಹೋದವರ ಇಡೀ ಬದುಕನ್ನು ಹೇಳಿ ಅಳುತ್ತಿದ್ದರು. ಅಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹ್ಞೂಂಗುಟ್ಟುತ್ತ ಕೂರುತ್ತಿದ್ದಳು. ಎಷ್ಟು ಹೊತ್ತಾದರೂ ತಾನಾಗಿ ಇಡುತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಮಗಳು ಊಟದ ಡಬ್ಬಿ ತೊಳೆದುಕೊಂಡು ಬಂದು ಕೂತಿದ್ದಳು. ಫೋನು ಬಂತು. ಚಿಕ್ಕಮ್ಮ.

"ಹೋಗ್ಬಿಟ್ಲು ಕಣೇ! ಅಕ್ಕ ಹೋಗ್ಬಿಟ್ಲು! ಬೇಗ ಬಾರೇ!"

ಮಗಳು ಅಳಲಿಲ್ಲ. ಬೆರಳು ಮಾತ್ರ ತಮ್ಮ ಪಾಡಿಗೆ ಅಮ್ಮನ ಫೈಲು ತೆರೆದವು. ನಾಳೆ ಅದನ್ನು ಯಾರೋ ಹೊಸ ಹುಡುಗಿ ತೆರೆದು, ಸೇಬು ಕಚ್ಚುತ್ತಾ ಮುಚ್ಚುತ್ತಾಳೆ ಎಂಬುದು ಅವಳಿಗೆ ಸಹಿಸಲಾಗಲಿಲ್ಲ. ಅಮ್ಮನ ಫೈಲಿಗೆ ಬೇರೆಯವರ ಕೈ ತಗಲಬಾರದು. ದಿನಾಂಕ ಹಾಕಿದಳು, ಕಾರಣ ಹಾಕಿದಳು, ಒತ್ತಿದಳು. ಫೋನು ಮಾಡಬೇಕು ಎಂದು ಹೊಳೆಯಲೇ ಇಲ್ಲ. ತನ್ನ ಮನೆಗೆ ತಾನೇ ಫೋನು ಮಾಡಿ ಮೆಷಿನ್ ನಿಂತಿದೆಯಾ ಎಂದು ಯಾರಾದರೂ ಕೇಳುತ್ತಾರೆಯೆ?

ಏದುಸಿರು ಬಿಡುತ್ತ ಮನೆಗೆ ಬಂದರೆ ಅಮ್ಮ ದಿಂಬಿಗೊರಗಿ ಕೂತು ಚಮಚದಲ್ಲಿ ನೀರು ಕುಡಿಯುತ್ತಿದ್ದಳು. ಪ್ರಜ್ಞೆ ತಪ್ಪಿತ್ತಂತೆ, ಚಿಕ್ಕಮ್ಮ ಫೋನು ಇಡುವಷ್ಟರಲ್ಲಿ ಕಣ್ಣು ಬಿಟ್ಟಿದ್ದಳಂತೆ. ಮತ್ತೆ ಫೋನು ಮಾಡಿ ಹೇಳುವ ಬುದ್ಧಿ ಚಿಕ್ಕಮ್ಮನಿಗೆ ಬಂದಿರಲಿಲ್ಲ. "ಇಷ್ಟು ಬೇಗ ಬಂದ್ಯಾ ಮರಿ?" ಎಂದು ಅಮ್ಮ ಕೇಳಿದ್ದೇ ತಡ, ಮಗಳು ನೆಲದ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು, ಚಿಕ್ಕಮ್ಮನನ್ನು ಬಾಯಿಗೆ ಬಂದ ಹಾಗೆ ಬೈದಳು. ಆ ಸಂತೋಷದಲ್ಲಿ ಫೈಲಿನ ನೆನಪು ಕೊಚ್ಚಿಹೋಯಿತು.

*

ಹಾಗಾದರೆ ನಿನ್ನೆ ಬೆಳಿಗ್ಗೆ ವ್ಯಾನು ಬಂದಿರಬೇಕು. ಬಂದಿತ್ತೆ?

ಈ ಪ್ರಶ್ನೆ ಹುಟ್ಟಿದ ಮೇಲೆ ಮಗಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಯಾರೋ ಟೀ ಕೊಟ್ಟರೆ ಹಿಡಿದುಕೊಂಡು ಮರೆತಳು. ಬದುಕಿದ್ದ ತಾಯಿಯನ್ನು ಮಗಳೇ ಮುಚ್ಚಿದ್ದಾಳೆ ಎಂದು ತಾಯಿಗೆ ತಿಳಿದಿದ್ದರೆ? ತಿಳಿದುಕೊಂಡೇ ಹೋಗಿದ್ದರೆ? ಸುದ್ದಿ ಮುಟ್ಟದೆ ಹೋಗಿರಲಪ್ಪಾ ಎಂದು ಅವಳು ಯಾರಿಗೆಂದಿಲ್ಲದೆ ಬೇಡಿಕೊಂಡಳು.

ವ್ಯಾನಣ್ಣ ಬಂದದ್ದು ಎಲ್ಲರಿಗಿಂತ ಕಡೆಗೆ. ಕಂಪನಿಯ ವ್ಯಾನು ಓಡಿಸಿ, ಮನೆಮನೆಗೆ ಸಾಮಾನು ಇಳಿಸಿ, ಕೊನೆಗೆ ಎತ್ತಿಕೊಂಡೂ ಬರುವವನು. ಅಮ್ಮನ ಜೊತೆಗೇ ಆ ಆಫೀಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಲಿನ ಬಾಗಿಲಲ್ಲಿ ನಿಂತ ಅವನು ಅಮ್ಮನ ಮುಖವನ್ನು ನೋಡಿದ ರೀತಿ ಮಗಳಿಗೆ ಸರಿಬರಲಿಲ್ಲ. ದುಃಖಕ್ಕಿಂತ ಹೆಚ್ಚಾಗಿ ಅಂಜಿಕೆ ಇತ್ತು ಅದರಲ್ಲಿ. ಅವಳು ಕಣ್ಸನ್ನೆ ಮಾಡಿ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ತಂತಿಯ ಮೇಲೆ ಅಮ್ಮನ ಟವಲು ಒಣಗುತ್ತಿತ್ತು.

"ಅಣ್ಣಾ, ನಿನ್ನೆ ಬಂದಿದ್ರಾ?"

ವ್ಯಾನಣ್ಣ ಟವಲಿನ ಕಡೆ ನೋಡಿದ. "ನಿಮ್ಮಮ್ಮ ಯಾರಿಗೂ ಹೇಳ್ಬೇಡ ಅಂದಿದ್ರು."

ಅಷ್ಟೇ ಸಾಕಾಗಿತ್ತು. ಮಗಳು ಗೋಡೆಗೆ ಒರಗಿಕೊಂಡಳು.

"ಹೇಳಿ. ಈಗ ಹೇಳದಿದ್ರೆ ನನಗೆ ಹುಚ್ಚು ಹಿಡಿಯುತ್ತೆ."

"ಬೆಳಿಗ್ಗೆ ಸಾಮಾನು ತರೋ ಚೀಟಿ ಬಂತು ತಂಗಿ. ಅಕ್ಕನ ಹೆಸ್ರು ನೋಡಿ ವ್ಯಾನಲ್ಲೇ ಕೂತು ಅತ್ತೆ. ಇಲ್ಲಿಗೆ ಬಂದ್ರೆ ಬಾಗ್ಲು ತೆಗೆದೇ ಇತ್ತು. ಯಜಮಾನ್ರು ಔಷಧಿ ಅಂಗಡಿಗೆ ಹೋಗಿದ್ರಂತೆ, ಆಮೇಲೆ ಗೊತ್ತಾಯ್ತು. ಮನೇಲಿ ಸದ್ದೇ ಇಲ್ಲ. ಮೆಷಿನ್ ಮಾತ್ರ ಓಡ್ತಾ ಇತ್ತು. ದುಃಖದಲ್ಲಿ ನಿಲ್ಸೋದು ಮರ್ತಿದಾರೆ ಪಾಪ ಅಂದ್ಕೊಂಡು..." ಅವನು ಮುಖ ಒರೆಸಿಕೊಂಡ. "ಆಫ್ ಮಾಡ್ದೆ."

"ಆಫ್ ಮಾಡಿದ್ರಾ?"

"ಮಾಡ್ದೆ ತಂಗಿ. ಮಾಡಿದ್ ತಕ್ಷಣ ಒಳಗಿಂದ ‘ಯಾರದು?’ ಅಂತ ಕೇಳಿಸ್ತು."



"ಎಷ್ಟು ವರ್ಷದಿಂದ ಸತ್ತೋರ ಮನೆಗೆ ಹೋಗ್ತಿದೀನಿ. ಸತ್ತೋರು ಯಾವತ್ತೂ ಮಾತಾಡ್ಸಿರ್ಲಿಲ್ಲ. ನನ್ನ ಜೀವ ಬಾಯಿಗೆ ಬಂತು. ಮತ್ತೆ ಆನ್ ಮಾಡ್ದೆ. ಓಡೋಣ ಅಂತಿದ್ದೆ, ‘ವ್ಯಾನಪ್ಪಾ, ಒಳಗೆ ಬಾ’ ಅಂದ್ರು. ಹೋದೆ. ಕೈ ಚಾಚಿದ್ರು. ಚೀಟಿ ಕೊಡ್ಬಾರ್ದಿತ್ತು ನಾನು. ಆದ್ರೆ ಅವ್ರು ಕೈ ಚಾಚಿದ್ರೆ ಚೀಟಿ ಕೊಟ್ಟು ಕೊಟ್ಟು ಅಭ್ಯಾಸ ತಂಗಿ. ಕೈ ತಾನೇ ಕೊಟ್ಬಿಡ್ತು."

"ಓದಿದ್ಲಾ?"

"ಕನ್ನಡಕ ಹಾಕ್ಕೊಂಡು ಓದಿದ್ರು. ಯಾರು ಮುಚ್ಚಿದ್ದು ಅಂತ ಕೆಳಗಡೆ ಇರುತ್ತಲ್ಲ, ಅಲ್ಲಿ ಬೆರಳಿಟ್ಟು ನೋಡಿದ್ರು."

"ಬೈದ್ಲಾ?"

"ಇಲ್ಲ."

"ಅತ್ಲಾ?"

"ಇಲ್ಲ. ‘ಕೋಡೇನೋ ಸರಿಯಾಗಿ ಹಾಕಿದಾಳೆ’ ಅಂದ್ರು."

ಮಗಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು.

"ಆಫೀಸಿಗೆ ಹೇಳಿ ಸರಿ ಮಾಡಿಸ್ತೀನಿ ಅಕ್ಕಾ ಅಂದೆ. ಬೇಡ ಅಂದ್ರು. ಬದುಕಿರೋರನ್ನ ಮುಚ್ಚಿದಾಳೆ ಅಂತ ಗೊತ್ತಾದ್ರೆ ಅವಳನ್ನ ಒಂದು ದಿನ ಇಟ್ಕೊಳಲ್ಲ ಅಂದ್ರು. ಮನೆಗೆ ಬೀಗ ಹಾಕಿತ್ತು ಅಂತ ಹೇಳು, ಇವತ್ತು ಹೋಗು, ನಾಳೆ ಬಾ ಅಂದ್ರು."

"ನಾಳೆ ಅಂತ ಅಂದ್ಲಾ? ಇನ್ನೊಂದಿನ ಬಾ ಅಂತಲೋ, ನಾಳೆ ಅಂತಲೋ?"

"ನಾಳೆ ಅಂತಾನೇ," ಎಂದ ವ್ಯಾನಣ್ಣ. ಅವನ ದನಿ ಇಳಿದಿತ್ತು. "ಅದಕ್ಕೇ ಇವತ್ತು ಬರೋಕೆ ನಂಗೆ ಭಯ ಆಯ್ತು."

ಒಳಗಿನಿಂದ ಮೆಷಿನ್ ಪುಸ್ಸೆಂದಿತು. ಹಿತ್ತಲವರೆಗೂ ಕೇಳಿಸಿತು.

"ನಾನು ಎಲ್ಲಿದ್ದೆ ಆಗ?"

"ನೀವು ನಿಮ್ಮ ರೂಮಲ್ಲಿ ಮಲಗಿದ್ರಿ. ಎಬ್ಬಿಸ್ಲಾ ಅಂದೆ. ಈಗ ತಾನೆ ಕಣ್ಣು ಹತ್ತಿದೆ, ಎಬ್ಬಿಸ್ಬೇಡ ಅಂದ್ರು."

"ನನ್ನ ಮೇಲೆ ಬೇಜಾರು ಮಾಡ್ಕೊಂಡಿದ್ಲಾ ಅಣ್ಣ? ನಿಜ ಹೇಳಿ."

"ನಂಗೇನು ಗೊತ್ತಾಗುತ್ತೆ ತಂಗಿ," ಎಂದ ಅವನು, ಕೈ ಹಿಸುಕಿಕೊಳ್ಳುತ್ತ. "ಅವ್ರ ಮುಖ ನೋಡೋ ಧೈರ್ಯ ನನಗಿರ್ಲಿಲ್ಲ. ಚೀಟಿ ತಗೊಂಡು ಓಡಿ ಬಂದ್ಬಿಟ್ಟೆ."

*

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಮಗಳು ಅಮ್ಮನ ಕಾಲು ಒತ್ತುತ್ತ ಕೂತಿದ್ದಳು. ಕಿಟಕಿಯ ಪರದೆ ಎಳೆದಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಮನೆಗೆ ಫೋನ್ ಮಾಡಿದ್ಯಾ?"

"ಯಾವ ಮನೆಗಮ್ಮ?"

"ಮನೆಗೆ."

"ಮನೇಲೇ ಇದೀನಲ್ಲ."

ಅಮ್ಮ ಕಣ್ಣು ತೆರೆದು ಅವಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. "ಮೊದ್ಲು ಫೋನ್ ಮಾಡ್ಬೇಕು ಮರಿ," ಎಂದಳು.

ಮಗಳು ಅಪ್ಪನ ಕಡೆ ತಿರುಗಿ ಹಣೆಯ ಹತ್ತಿರ ಬೆರಳು ಆಡಿಸಿದಳು. ಏನೇನೋ ಮಾತಾಡ್ತಿದಾಳೆ, ಎಂದು. ಆಮೇಲೆ ಹಟಮಾರಿ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ "ಆಯ್ತಮ್ಮ, ಮಾಡ್ತೀನಿ, ನೀನು ಮಲಗು," ಎಂದಳು. ಅಮ್ಮ ಮಲಗಿದಳು. ಸಾಯಂಕಾಲ ಬಿಸಿಲು ಇಳಿದಾಗ ಅಪ್ಪ ಅವಳ ಕೈ ಮುಟ್ಟಿ ನೋಡಿ, ಎದ್ದು ಕಿಟಕಿಯ ಪರದೆ ಸರಿಸಿದ.

ಈ ಸಲ ಯಾರೂ ಕೂಗಲಿಲ್ಲ. ಯಾರೂ ಫೋನಿಗೆ ಓಡಲಿಲ್ಲ. ಮಗಳೇ ಅಮ್ಮನ ಮೂಗಿನಿಂದ ಟ್ಯೂಬು ತೆಗೆದು ಮಂಚದ ಪಕ್ಕ ಬಿಟ್ಟಳು.

ಅದು ಬೈಗುಳವಾಗಿತ್ತೆ? ಕೊನೆಯ ಪಾಠವೆ? ಮಗಳೇ ಬಾಯಿಬಿಟ್ಟು ಹೇಳಲಿ ಎಂದು ಕಾದು, ಹೇಳದೆ ಇದ್ದಾಗ ಸುಮ್ಮನಾದಳೆ? ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಬೈಗುಳವನ್ನು ಕಟ್ಟಿಕೊಂಡು ಬಾಳಬಹುದು. ಇನ್ನೂ ಒಂದು ಯೋಚನೆ ಹಿಂದಿನಿಂದ ಮೆಲ್ಲಗೆ ಬಂದು ಅವಳ ಕತ್ತು ಹಿಡಿಯಿತು. ತಪ್ಪು ದಿನಾಂಕವನ್ನು ಅಮ್ಮ ಒಂದು ದಿನವೂ ಹಾಗೇ ಬಿಟ್ಟವಳಲ್ಲ. ಮಗಳ ಕೆಲಸ ಉಳಿಯಲಿ ಎಂದು, ತಿದ್ದಲು ಬೇರೆ ದಾರಿಯಿಲ್ಲದೆ, ಅವಸರ ಮಾಡಿಬಿಟ್ಟಳೇನೋ.

*

ಮಧ್ಯಾಹ್ನದ ಹೊತ್ತಿಗೆ ಅಮ್ಮನನ್ನು ಕರೆದುಕೊಂಡು ಹೋದರು. ಸ್ಮಶಾನದ ಕಚೇರಿ ಕಿಟಕಿಯಲ್ಲಿ ಕೂತ ಗುಮಾಸ್ತ ತಲೆಯೆತ್ತದೆ, "ಯಾವತ್ತು ತೀರ್ಕೊಂಡಿದ್ದು?" ಎಂದು ಕೇಳಿದ. ಎಲ್ಲರೂ ಮಗಳ ಮುಖ ನೋಡಿದರು. ದಿನಾಂಕ ಹೇಳುವ ಕೆಲಸವೆಲ್ಲ ಅವಳದೇ ಅಲ್ಲವೆ? ಅಪ್ಪನೇ ಮುಂದೆ ಬಂದು, "ನಿನ್ನೆ," ಎಂದ.

ಮನೆಗೆ ವಾಪಸು ಬಂದಾಗ ಹಾಲ್ ಖಾಲಿಯಾಗಿತ್ತು. ಟೈಲರು ಕುರ್ಚಿಗಳನ್ನು ಮಡಚುತ್ತಿದ್ದರು. ವ್ಯಾನಣ್ಣ ಓಣಿಯ ಗೋಡೆಗೆ ಒರಗಿ, ಮೆಷಿನ್ನಿಗೆ ಕಾವಲು ಕೂತವನಂತೆ ಕೂತಿದ್ದ. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಅದರ ಮುಂದೆ ನಿಂತ.

"ಅವಳು ಮನೇಲಿರೋವರೆಗೂ ಓಡ್ಲಿ ಅಂತ ಇದ್ದೆ," ಎಂದು ಯಾರಿಗೋ ಸಮಜಾಯಿಷಿ ಕೊಡುವವನ ಹಾಗೆ ಹೇಳಿದ. ಬಗ್ಗಿ ತಾನೇ ಸ್ವಿಚ್ಚು ಒತ್ತಿದ.

ಅದು ಒಮ್ಮೆ ಕೀರಲಾಗಿ ಕೂಗಿ ನಿಂತಿತು. ಆಗ ಕೇಳಿಸಿದ ಮೌನಕ್ಕೆ ಯಾರೂ ತಯಾರಿರಲಿಲ್ಲ. ಚಿಕ್ಕಮ್ಮ "ಅಯ್ಯೋ" ಎಂದು ಎದೆ ಹಿಡಿದುಕೊಂಡು ಕೂತಳು. ಗೋಡೆಯ ಗಡಿಯಾರಕ್ಕೆ ಇಷ್ಟು ಜೋರು ಸದ್ದಿದೆ ಎಂದು ಮನೆಯವರಿಗೆ ಅಂದೇ ಗೊತ್ತಾದದ್ದು.

"ತಗೊಂಡು ಹೋಗಪ್ಪ."

ವ್ಯಾನಣ್ಣ ಮೆಷಿನ್ನಿನ ಮುಂದೆ ಮಂಡಿಯೂರಿದ. ಟ್ಯೂಬನ್ನು ಮೆಷಿನ್ನಿನ ಬಾಯಿಯಿಂದ ಬಿಚ್ಚದೆಯೇ, ಕೈಗೆ ಸುತ್ತಿಕೊಳ್ಳುತ್ತ ಎಳೆಯತೊಡಗಿದ. ಅದು ನೆಲದ ಮೇಲೆ ಸರಸರ ಹರಿದು ಬಂತು. ದಾರಿಯಲ್ಲಿ ಕೂತಿದ್ದ ಚಿಕ್ಕಮ್ಮ ಕಾಲೆತ್ತಿದಳು. ಟೈಲರು ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಎಂದಿನ ಅಭ್ಯಾಸದಂತೆ, ಅವಳು ಹಿಂದೆಯೇ ಬರುತ್ತಿದ್ದಾಳೆ ಎನ್ನುವ ಹಾಗೆ, ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟ.

"ಇಷ್ಟುದ್ದ ಯಾಕೆ ಭಾವ ಇದು?" ಎಂದಳು ಚಿಕ್ಕಮ್ಮ.

"ಅಡುಗೆಮನೆವರೆಗೂ ಹೋಗಿ ಬರ್ಲಿ ಅಂತ 'ಉದ್ದದ್ದು ಹಾಕ್ಸಿ' ಅಂದಿದ್ಲು. ತಿಂಗಳಿಂದ ಮಂಚ ಎಲ್ಲಿ ಇಳಿದ್ಲು? ಉಳಿದಿದ್ದನ್ನ ನಾನೇ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆ." ಹೇಳುತ್ತ ಹೇಳುತ್ತ ಅಪ್ಪನ ಮಾತು ನಿಧಾನವಾಯಿತು. "ಸುತ್ತಿ ಇಟ್ಟಿದ್ದೆನಲ್ಲ."

ಟ್ಯೂಬು ಬಿಗಿಯಾಗಿ ನಿಂತಿತು. ವ್ಯಾನಣ್ಣ ಎಳೆದ. ಬರಲಿಲ್ಲ.

"ಎಲ್ಲೋ ಸಿಕ್ಕಾಕ್ಕೊಂಡಿದೆ. ಸ್ವಲ್ಪ ನೋಡಿ ತಂಗಿ."

ಮಗಳು ಟ್ಯೂಬಿನ ಪಕ್ಕದಲ್ಲೇ ಬಗ್ಗಿಕೊಂಡು ನಡೆದಳು. ಅಮ್ಮನ ಕೋಣೆಯಲ್ಲಿ ಮಂಚದ ಕೆಳಗೆ ಸುರುಳಿ ಇರಲಿಲ್ಲ, ಪೂರ್ತಿ ಬಿಚ್ಚಿಕೊಂಡಿತ್ತು. ಮೂಗಿನ ತುದಿ ನಿನ್ನೆ ತಾನು ಬಿಟ್ಟಲ್ಲೇ, ಮಂಚದ ಕಂಬಿಗೆ ತೊಡರಿಕೊಂಡು ಜೋತಾಡುತ್ತಿತ್ತು. ಅಲ್ಲಿಂದ ಟ್ಯೂಬು ಮತ್ತೆ ಹೊಸಿಲು ದಾಟಿ ಹೊರಗೆ ಹೋಗಿತ್ತು. ಗೋಡೆಯ ಬುಡಕ್ಕೆ ಅಂಟಿಕೊಂಡು, ಅಡುಗೆಮನೆಯ ಕಡೆಗಲ್ಲ, ಎಡಕ್ಕೆ ತಿರುಗಿತ್ತು. ಎಡಕ್ಕೆ ಇದ್ದದ್ದು ಅವಳದೇ ಕೋಣೆ. ನಿನ್ನೆ ಬೆಳಿಗ್ಗೆ ಎದ್ದು ಹೋದವಳು ಮತ್ತೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಅರೆತೆರೆದ ಬಾಗಿಲನ್ನು ತಳ್ಳಿದಳು. ಹೊದಿಕೆ ನಿನ್ನೆ ಬಿಟ್ಟಂತೆಯೇ ಮುದ್ದೆಯಾಗಿ ಬಿದ್ದಿತ್ತು. ಟ್ಯೂಬು ನೆಲದ ಮೇಲೆ ಎರಡೆಳೆಯಾಗಿ ಹೋಗಿತ್ತು, ಅಮ್ಮ ಬಂದಿದ್ದು ಒಂದು, ವಾಪಸು ಹೋಗಿದ್ದು ಒಂದು. ಅವಳು ತಲೆಯಿಟ್ಟು ಮಲಗುವ ಕಡೆಯ ಮಂಚದ ಕಾಲನ್ನು ಅದು ಸುತ್ತು ಹಾಕಿತ್ತು.

ಮಗಳು ನೆಲದ ಮೇಲೆ ಕೂತಳು. ದಿಂಬಿನ ಪಕ್ಕದಲ್ಲಿ ಹಾಸಿಗೆಯ ಅಂಚಿಗೆ ತಲೆಯಾನಿಸಿ ಟ್ಯೂಬನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

"ಸಿಕ್ತಾ ತಂಗಿ?" ಎಂದು ಓಣಿಯಿಂದ ವ್ಯಾನಣ್ಣ ಕೂಗಿದ.

ಅವಳು ಅದನ್ನು ಬಿಡಿಸಲಿಲ್ಲ. ಟ್ಯೂಬು ಅವಳ ಕೈಯೊಳಗೆ ಮೆಲ್ಲಗೆ ಬಿಗಿಯಾಯಿತು. ಸಡಿಲವಾಯಿತು. ಮತ್ತೆ, ಆ ಕಡೆಯಿಂದ ಯಾರೋ ನೋಯಿಸದಂತೆ ಕರೆಯುವ ಹಾಗೆ, ಬಿಗಿಯಾಯಿತು.